ನಿಮಗೆ ತೆರೆಯುವ ಲಿಂಕ್ ವಿದ್ಯಾರ್ಥಿಗೆ ಯಾಕೆ ತೆರೆಯುವುದಿಲ್ಲ?

ಪ್ರಶ್ನೆ: ಬಾಗಲಕೋಟೆ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಕಾಲೇಜಿನ ಮೂಡಲ್‌ನಲ್ಲಿ ಬಾದಾಮಿ ಚಾಲುಕ್ಯರ ಬಗ್ಗೆ ಒಂದು ಕೋರ್ಸ್ ಮಾಡಿದ್ದೇನೆ. 46 ಪುಟ, ಎರಡು ಕ್ವಿಜ್. ಪುಟದಿಂದ ಪುಟಕ್ಕೆ ನೂರಕ್ಕಿಂತ ಜಾಸ್ತಿ ಲಿಂಕ್ ಕೊಟ್ಟಿದ್ದೇನೆ. ಹೋದ ವರ್ಷ ಎಲ್ಲ ಸರಿಯಿತ್ತು. ಈ ವರ್ಷ ಹೊಸ ಬ್ಯಾಚಿಗೆ ಹೊಸ ಕೋರ್ಸ್ ತೆರೆದು, ಹಳೆಯದರಿಂದ ಒಂದೊಂದೇ ಪುಟ ಕಾಪಿ ಮಾಡಿ ಹಾಕಿದೆ. ನಾನು ಒತ್ತಿದರೆ ಎಲ್ಲ ಲಿಂಕೂ ತೆರೆಯುತ್ತವೆ. ವಿದ್ಯಾರ್ಥಿಗಳು ಮಾತ್ರ "ಮೇಡಂ, ಲಿಂಕ್ ಒತ್ತಿದ್ರ ನೀವು ಈ ಕೋರ್ಸಿಗೆ ಸೇರಿಲ್ಲ ಅಂತ ಬರಾಕತ್ತೈತ್ರೀ" ಅನ್ನುತ್ತಾರೆ. ಪುಟಗಳ ಹೆಸರು ಬದಲಿಸಿದ್ದಕ್ಕೇ ಹೀಗಾಗಿದೆ ಅಂತ ಒಬ್ಬರು ಹೇಳಿದರು. ವಿಳಾಸದ ಮುಂದಿನ ಅರ್ಧ ತೆಗೆದುಹಾಕಿ, ಎಲ್ಲಿಗೆ ಹಾಕಿದರೂ ನಡೆಯುತ್ತದೆ ಅಂತ ಇನ್ನೊಬ್ಬರು ಹೇಳಿದರು. ಬ್ಯಾಕಪ್‌ನಿಂದ ತಂದರೆ ಹಳೇ ವಿದ್ಯಾರ್ಥಿಗಳ ಅಂಕವೂ ಬಂದುಬಿಡುತ್ತದೆ ಅಂತ ಹೆದರಿ ಅದನ್ನು ಮುಟ್ಟಿಲ್ಲ. ಮೊದಲ ಕ್ವಿಜ್ ಆಗಲೇ ಮುಗಿದಿದೆ. ಈಗೇನು ಮಾಡಲಿ? ಇಷ್ಟೊಂದು ಲಿಂಕ್ ಕೊಟ್ಟದ್ದೇ ತಪ್ಪಾ?

ಉತ್ತರ: ಮೇಡಂ, ಲಿಂಕ್ ಕೊಟ್ಟದ್ದು ತಪ್ಪಲ್ಲ. ಪುಟ ಕಾಪಿ ಮಾಡಿದ ದಾರಿ ತಪ್ಪಾಯಿತು, ಅಷ್ಟೇ. ಬೆಳಗಾವಿಯಲ್ಲಿ ಕೂತು ಕಾಲೇಜುಗಳ ಮೂಡಲ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಹೊಸ ಸೆಮಿಸ್ಟರ್ ಶುರುವಾಗಿ ಎರಡನೇ ವಾರಕ್ಕೆ ನನಗೆ ಬರುವ ಫೋನುಗಳಲ್ಲಿ ಅರ್ಧದಷ್ಟು ನಿಮ್ಮ ಪ್ರಶ್ನೆಯೇ. "ನನಗೆ ತೆರೀತದ, ಹುಡುಗರಿಗೆ ತೆರೆಯಂಗಿಲ್ಲ." ಈ ಮಾತು ಕೇಳಿದ ಕೂಡಲೇ ಏನಾಗಿದೆ ಅಂತ ಗೊತ್ತಾಗಿಬಿಡುತ್ತದೆ.

ಮೂಡಲ್ ಅಂದರೇನು ಅಂತ ಓದುವ ಬೇರೆಯವರಿಗಾಗಿ ಒಂದು ಮಾತು. ನಮ್ಮ ಮೂಡಲ ದಿಕ್ಕಿಗೂ ಇದಕ್ಕೂ ಸಂಬಂಧ ಇಲ್ಲ, ಮೂಡಲಗಿಗೂ ಇಲ್ಲ. ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಅನ್ನುವವರು ಮಾಡಿ 2002ರಲ್ಲಿ ಹೊರಬಿಟ್ಟ ಕಲಿಕಾ ತಂತ್ರಾಂಶ ಇದು. ದುಡ್ಡು ಕೊಡಬೇಕಿಲ್ಲ, ಸ್ವಂತ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು. ಹಾಗಾಗಿ ಕಾಲೇಜುಗಳಿಗೆ ಇಷ್ಟ.

ಈಗ ನಿಮ್ಮ ಲಿಂಕ್ ವಿಷಯ. ನಿಮ್ಮ ಹಳೇ ಕೋರ್ಸಿನ "ಐಹೊಳೆ ಶಾಸನ" ಪುಟ ತೆರೆದು ಮೇಲಿನ ವಿಳಾಸ ಪಟ್ಟಿ ನೋಡಿ. ಕೊನೆಯಲ್ಲಿ "ಐಡಿ=318" ಅನ್ನುವಂಥ ಒಂದು ಸಂಖ್ಯೆ ಇರುತ್ತದೆ. ಈ 318 ನಾನು ಉದಾಹರಣೆಗೆ ಹೇಳಿದ್ದು, ನಿಮ್ಮದು ಬೇರೆ ಇರುತ್ತದೆ. ಮೂಡಲ್‌ಗೆ ಪುಟದ ಗುರುತು ಅಂದರೆ ಆ ಸಂಖ್ಯೆ ಮಾತ್ರ. ಐಹೊಳೆ, ರವಿಕೀರ್ತಿ, ಪುಲಕೇಶಿ ಯಾವುದೂ ಅದಕ್ಕೆ ಗೊತ್ತಿಲ್ಲ. ನೀವು ಹೊಸ ಕೋರ್ಸಿನಲ್ಲಿ ಅದೇ ಪುಟವನ್ನು ಮತ್ತೆ ಮಾಡಿದಾಗ ಅದಕ್ಕೆ ಹೊಸ ಸಂಖ್ಯೆ ಬಂತು, 702 ಅಂತಲೇ ಇಟ್ಟುಕೊಳ್ಳಿ. ಆದರೆ "ಇಮ್ಮಡಿ ಪುಲಕೇಶಿ" ಪುಟದ ಬರಹವನ್ನು ಹಳೆಯದರಿಂದ ಎತ್ತಿ ಅಂಟಿಸಿದಿರಲ್ಲ, ಅದರೊಳಗಿನ ಲಿಂಕ್ ಇನ್ನೂ 318 ಅಂತಲೇ ಕೂತಿದೆ. ಅಂದರೆ ಹೊಸ ಕೋರ್ಸಿನ ನೂರೂ ಲಿಂಕುಗಳು ಹಳೇ ಕೋರ್ಸಿನ ಬಾಗಿಲಿಗೆ ಹೋಗಿ ತಟ್ಟುತ್ತಿವೆ.

ನಿಮಗೆ ಯಾಕೆ ತೆರೆಯಿತು? ಎರಡೂ ಮನೆಯ ಕೀಲಿ ನಿಮ್ಮ ಕೈಯಲ್ಲಿದೆ. ಹಳೇ ಕೋರ್ಸಿಗೂ ನೀವೇ ಟೀಚರ್, ಹೊಸದಕ್ಕೂ ನೀವೇ. ಲಿಂಕ್ ಒತ್ತಿದಾಗ ಹಳೇ ಪುಟ ತೆರೆಯುತ್ತದೆ. ಅದೇ ಬರಹ, ಅದೇ ಮೇಗುತಿ ಗುಡಿಯ ಫೋಟೊ. ಬೇರೆ ಮನೆಗೆ ಬಂದಿದ್ದೇವೆ ಅಂತ ಅನಿಸುವುದೇ ಇಲ್ಲ. ಹೊಸ ವಿದ್ಯಾರ್ಥಿಗೆ ಹಳೇ ಮನೆಯ ಕೀಲಿ ಇಲ್ಲ, ಅವನು ಬಾಗಿಲಲ್ಲೇ ನಿಲ್ಲುತ್ತಾನೆ. ಮುಂದಿನ ಸಲ ಲಿಂಕ್ ಒತ್ತಿದಾಗ ಪುಟದ ಮೇಲ್ಗಡೆ ಬರುವ ಕೋರ್ಸಿನ ಹೆಸರನ್ನು ಒಮ್ಮೆ ನೋಡಿ. ಹೋದ ವರ್ಷದ ಹೆಸರಿದ್ದರೆ ಅಲ್ಲಿಗೆ ಗೊತ್ತಾಯಿತು.

"ವಿದ್ಯಾರ್ಥಿಯಾಗಿ ನೋಡು" ಅನ್ನುವ ಸೌಲಭ್ಯ ಇದೆಯಲ್ಲ, ಸ್ವಿಚ್ ರೋಲ್, ಅದರಲ್ಲಿ ನೋಡಿದರೂ ಈ ತಪ್ಪು ಸಿಗುವುದಿಲ್ಲ. ಆ ವೇಷ ಆ ಒಂದು ಕೋರ್ಸಿನೊಳಗೆ ಮಾತ್ರ. ಲಿಂಕ್ ಒತ್ತಿ ಇನ್ನೊಂದು ಕೋರ್ಸಿಗೆ ಕಾಲಿಟ್ಟ ಕೂಡಲೇ ನೀವು ಮತ್ತೆ ಟೀಚರ್. ಎಷ್ಟೋ ಜನ ಇದನ್ನು ನಂಬಿ "ನಾನು ವಿದ್ಯಾರ್ಥಿಯಾಗೇ ನೋಡಿದ್ದೀನ್ರೀ, ಸರಿ ಐತಿ" ಅಂತ ನನ್ನ ಜೊತೆ ವಾದ ಮಾಡಿದ್ದಾರೆ. ಸರಿಯಾದ ಪರೀಕ್ಷೆ ಒಂದೇ. ನಿಜವಾದ ವಿದ್ಯಾರ್ಥಿ ಖಾತೆ ಒಂದನ್ನು ಅಡ್ಮಿನ್‌ರಿಂದ ಮಾಡಿಸಿಕೊಳ್ಳಿ. ಅದನ್ನು ಹೊಸ ಕೋರ್ಸಿಗೆ ಮಾತ್ರ ಸೇರಿಸಿ. ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಆ ಖಾತೆಯಿಂದ ಲಾಗಿನ್ ಆಗಿ ಲಿಂಕ್ ಒತ್ತುತ್ತಾ ಹೋಗಿ.

ಇನ್ನು ನೀವು ಕೇಳಿದ ಮಾತುಗಳು. ಪುಟದ ಹೆಸರು ಬದಲಿಸಿದರೆ ಲಿಂಕ್ ಕೆಡುತ್ತದೆ ಅನ್ನುವುದು ಸುಳ್ಳು. ಹೆಸರು ಬದಲಿಸಿದರೂ ಸಂಖ್ಯೆ ಅದೇ ಇರುತ್ತದೆ. ಒಂದು ಘಟಕದಿಂದ ಇನ್ನೊಂದು ಘಟಕಕ್ಕೆ ಪುಟ ಎಳೆದು ಹಾಕಿದರೂ ಅದೇ ಇರುತ್ತದೆ. ಹೆದರಬೇಕಾದ್ದು ಅಳಿಸಿದಾಗ. ಅಳಿಸಿದ ಪುಟವನ್ನು ರೀಸೈಕಲ್ ಬಿನ್‌ನಿಂದ ವಾಪಸ್ ತರಬಹುದು, ಸಾಮಾನ್ಯವಾಗಿ ಏಳು ದಿನದೊಳಗೆ. ಆದರೆ ವಾಪಸ್ ಬಂದ ಪುಟಕ್ಕೆ ಹೊಸ ಸಂಖ್ಯೆ ಬರುತ್ತದೆ. ನೋಡಲು ಅದೇ ಪುಟ, ಅದೇ ಹೆಸರು, ಹಳೇ ಲಿಂಕುಗಳು ಮಾತ್ರ ಸತ್ತಿರುತ್ತವೆ. ಬಹುಶಃ ಯಾರಿಗೋ ಹೀಗಾಗಿ, ಅದು ಹೆಸರಿನ ಮೇಲೆ ಬಂದಿರಬೇಕು.

ವಿಳಾಸದ ಮುಂದಿನ ಅರ್ಧ ತೆಗೆಯುವ ಉಪಾಯ ನೋಡಿ, ಬಾಲದಲ್ಲಿ ರೋಗ ಇದ್ದರೆ ತಲೆ ಬೋಳಿಸಿದ ಹಾಗೆ. ತಪ್ಪಿರುವುದು ಕೊನೆಯ ಸಂಖ್ಯೆಯಲ್ಲಿ. ಮುಂದಿನ ಭಾಗ ಕತ್ತರಿಸಿದರೆ ಆ ಸಂಖ್ಯೆ ಬದಲಾಗುತ್ತದೆಯೇ? ಅದಕ್ಕಿಂತ ದೊಡ್ಡ ನಷ್ಟ ಒಂದಿದೆ. ಮೂಡಲ್‌ನ ಬ್ಯಾಕಪ್ ನಿಮ್ಮ ಬರಹದಲ್ಲಿರುವ ಲಿಂಕುಗಳನ್ನು ಗುರುತಿಸುವುದೇ ಸೈಟಿನ ಪೂರ್ತಿ ವಿಳಾಸ ನೋಡಿ. ಅರ್ಧ ವಿಳಾಸ ಅದರ ಕಣ್ಣಿಗೆ ಬೀಳುವುದಿಲ್ಲ. ಅಂದರೆ ತಾನೇ ಸರಿಮಾಡಿಕೊಡಬಹುದಾಗಿದ್ದ ಲಿಂಕುಗಳನ್ನು ನೀವೇ ಅದರಿಂದ ಮುಚ್ಚಿಟ್ಟಂತಾಯಿತು. ಈ ಸಲಹೆ ಬೇರೆ ವೆಬ್‌ಸೈಟ್ ಮಾಡುವವರಿಂದ ಬಂದಿರುತ್ತದೆ. ಅಲ್ಲಿ ಅದು ಸರಿ, ಇಲ್ಲಿ ಬೇಡ.

ಹಳೇ ಅಂಕ ಬರುತ್ತದೆ ಅನ್ನುವ ಹೆದರಿಕೆಗೆ ನಿಮ್ಮನ್ನು ಬೈಯುವುದಿಲ್ಲ. ಬ್ಯಾಕಪ್ ಅನ್ನುವ ಪದವೇ ಹಾಗಿದೆ, ಎಲ್ಲವನ್ನೂ ಎತ್ತಿಕೊಂಡು ಬರುತ್ತದೇನೋ ಅನಿಸುತ್ತದೆ. ಆದರೆ ಟೀಚರಿಗೆ ಇಂಪೋರ್ಟ್ ಅಂತ ಬೇರೆಯೇ ಒಂದು ದಾರಿ ಇದೆ. ಹೊಸ ಖಾಲಿ ಕೋರ್ಸಿನಲ್ಲಿ ನಿಂತು, ಹಳೇ ಕೋರ್ಸನ್ನು ತೋರಿಸಿ, ಇದರಲ್ಲಿರುವುದನ್ನು ತಾ ಅನ್ನುವುದು. ಪುಟಗಳು, ಕ್ವಿಜ್, ಪ್ರಶ್ನೆಗಳು ಬರುತ್ತವೆ. ವಿದ್ಯಾರ್ಥಿಗಳು, ಅವರ ಉತ್ತರಗಳು, ಅಂಕಗಳು ಬರುವುದಿಲ್ಲ. ಬೇಕೆಂದರೂ ಈ ದಾರಿಯಲ್ಲಿ ತರಲು ಆಗುವುದಿಲ್ಲ.

ಇಂಪೋರ್ಟ್ ಒಳಗೆ ನಡೆಯುವ ಕೆಲಸ ನನಗೆ ಬಹಳ ಇಷ್ಟ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೇ ಕೋರ್ಸಿನಿಂದ ಹೊರಡುವಾಗ ಮೂಡಲ್ ನಿಮ್ಮ ಬರಹದೊಳಗಿನ ಪ್ರತಿ ಲಿಂಕನ್ನೂ ತೆಗೆದು, ಅದರ ಜಾಗದಲ್ಲಿ "ಇಲ್ಲಿ 318ನೇ ಪುಟ" ಅನ್ನುವ ಒಂದು ಗುರುತು ಚೀಟಿ ಅಂಟಿಸುತ್ತದೆ. ಹೊಸ ಕೋರ್ಸಿಗೆ ಬಂದ ಮೇಲೆ ಪ್ರತಿ ಪುಟಕ್ಕೂ ಹೊಸ ಸಂಖ್ಯೆ ಕೊಡುತ್ತದೆ, ಹಳೇ ಸಂಖ್ಯೆಗೆ ಯಾವುದು ಹೊಸದು ಅಂತ ಒಂದು ಪಟ್ಟಿ ಇಟ್ಟುಕೊಳ್ಳುತ್ತದೆ. ಎಲ್ಲ ಪುಟ ಬಂದಾದ ಮೇಲೆ ಚೀಟಿ ಕಿತ್ತು ಹೊಸ ಲಿಂಕ್ ಬರೆಯುತ್ತದೆ. 318 ಇದ್ದಲ್ಲಿ 702. ನೂರು ಲಿಂಕ್ ಇರಲಿ, ಸಾವಿರ ಇರಲಿ, ಕೆಲವೇ ನಿಮಿಷ. ನೀವು ಕೈಯಿಂದ ಕಾಪಿ ಮಾಡಿದಾಗ ಈ ಚೀಟಿ, ಈ ಪಟ್ಟಿ ಎರಡೂ ಇರಲಿಲ್ಲ.

ಇದರಲ್ಲೂ ಒಂದು ಕೊಕ್ಕೆ ಇದೆ. ಇಂಪೋರ್ಟ್ ಮಾಡುವಾಗ ಯಾವ ಪುಟ ಬೇಕು, ಯಾವುದು ಬೇಡ ಅಂತ ಟಿಕ್ ಕೇಳುತ್ತದೆ. "ಹರ್ಷವರ್ಧನ" ಪುಟ ಈ ಸಲ ಬೇಡ ಅಂತ ಟಿಕ್ ತೆಗೆದಿರಿ ಅನ್ನೋಣ. ಐಹೊಳೆ ಶಾಸನದ ಪುಟದಿಂದ ಅದಕ್ಕೊಂದು ಲಿಂಕ್ ಇದೆ. ಬರಲೇಬೇಕಲ್ಲ, ಹರ್ಷನನ್ನು ಪುಲಕೇಶಿ ಸೋಲಿಸಿದ್ದನ್ನು ರವಿಕೀರ್ತಿ ಹಾಡಿರುವುದೇ ಅಲ್ಲಿ. ಹೊಸ ಕೋರ್ಸಿನಲ್ಲಿ ಆ ಪುಟವೇ ಇಲ್ಲದ್ದರಿಂದ ಪಟ್ಟಿಯಲ್ಲಿ ಹೊಸ ಸಂಖ್ಯೆ ಸಿಗುವುದಿಲ್ಲ. ಆಗ ಮೂಡಲ್ ಏನೂ ಕೂಗಾಡುವುದಿಲ್ಲ, ಸುಮ್ನೆ ಹಳೇ ಕೋರ್ಸಿನ ಲಿಂಕನ್ನೇ ವಾಪಸ್ ಬರೆದುಬಿಡುತ್ತದೆ. ಮತ್ತೆ ಅದೇ ಕಥೆ. ಅದಕ್ಕೇ ನಾನು ಹೇಳುವುದು: ತರುವಾಗ ಎಲ್ಲವನ್ನೂ ತನ್ನಿ, ಬೇಡದ್ದನ್ನು ಆಮೇಲೆ ನೋಡಿ ತೆಗೆಯಿರಿ.

ಆದರೆ ಇಂಪೋರ್ಟ್ ಮುಂದಿನ ವರ್ಷದ ಮದ್ದು. ಈ ವರ್ಷದ ಕೋರ್ಸಿನಲ್ಲಿ ಈಗ ಇಂಪೋರ್ಟ್ ಒತ್ತಬೇಡಿ. ಅದು ಇರುವುದರ ಮೇಲೆ ಇನ್ನಷ್ಟು ಸೇರಿಸುತ್ತದೆ, 46 ಪುಟ 92 ಆಗುತ್ತವೆ. ಬ್ಯಾಕಪ್ ಫೈಲಿನಿಂದ ವಾಪಸ್ ತರುವ ರಿಸ್ಟೋರ್‌ನಲ್ಲಿ "ಇರುವುದನ್ನು ಅಳಿಸಿ ತಾ" ಅನ್ನುವ ಆಯ್ಕೆಯೂ ಕಾಣುತ್ತದೆ. ಅದನ್ನು ಒತ್ತಿದರೆ ಮುಗಿದುಹೋದ ಕ್ವಿಜ್, ಅದರ ಅಂಕ ಎಲ್ಲ ಹೋಗುತ್ತದೆ. ಮೊದಲ ಕ್ವಿಜ್ ಆಗಿಲ್ಲದಿದ್ದರೆ ನಾನೇ "ಈ ಕೋರ್ಸ್ ಬಿಟ್ಟು ಹೊಸದೊಂದು ತೆರೆಯಿರಿ" ಅನ್ನುತ್ತಿದ್ದೆ. ಅಂಕ ಬಿದ್ದ ಮೇಲೆ ಆ ಮಾತಿಲ್ಲ.

ಹಾಗಾದರೆ ಈ ವರ್ಷಕ್ಕೆ ಏನು? ಕೈಯಿಂದಲೇ ತಿದ್ದಬೇಕು. ಮುಖ ಸಪ್ಪೆ ಮಾಡಬೇಡಿ, ಅಂದುಕೊಂಡಷ್ಟು ಕಷ್ಟವಿಲ್ಲ. ಒಂದು ಎಕ್ಸೆಲ್ ಹಾಳೆ ತೆರೆಯಿರಿ. ಮೊದಲ ಕಾಲಮ್ಮಿನಲ್ಲಿ ಪುಟದ ಹೆಸರು, ಎರಡನೆಯದರಲ್ಲಿ ಹಳೇ ಸಂಖ್ಯೆ, ಮೂರನೆಯದರಲ್ಲಿ ಹೊಸ ಸಂಖ್ಯೆ. ಕೋರ್ಸಿನ ಮುಖಪುಟದಲ್ಲಿ ಪುಟದ ಹೆಸರಿನ ಮೇಲೆ ಮೌಸ್ ಇಟ್ಟರೆ ಬ್ರೌಸರಿನ ಕೆಳಮೂಲೆಯಲ್ಲಿ ಸಂಖ್ಯೆ ಕಾಣುತ್ತದೆ, ಪುಟ ತೆರೆಯಲೇಬೇಕಿಲ್ಲ. ಎರಡೂ ಕೋರ್ಸುಗಳ 46 ಸಾಲು ಬರೆಯಲು ಮುಕ್ಕಾಲು ಗಂಟೆ. ಆಮೇಲೆ ಹೊಸ ಕೋರ್ಸಿನ ಒಂದೊಂದೇ ಪುಟ ಎಡಿಟ್‌ಗೆ ತೆರೆದು, ಎಡಿಟರಿನಲ್ಲಿ ಸೋರ್ಸ್ ಕೋಡ್ ಅನ್ನುವುದನ್ನು ಒತ್ತಿ. ಎಚ್‌ಟಿಎಂಎಲ್ ಕಂಡು ಗಾಬರಿ ಬೇಡ. ನಿಮಗೆ ಬೇಕಾದ್ದು "ಐಡಿ=" ಆದ ಮೇಲಿನ ಸಂಖ್ಯೆ ಮಾತ್ರ. ಹಳೆಯದನ್ನು ಅಳಿಸಿ ಹೊಸದನ್ನು ಬರೆಯಿರಿ, ಉಳಿದದ್ದನ್ನು ಮುಟ್ಟಬೇಡಿ. ಎರಡನೇ ಕ್ವಿಜ್‌ಗೆ ಓದಬೇಕಾದ ಪುಟಗಳಿಂದ ಶುರುಮಾಡಿ. ಎರಡು ಸಂಜೆಯ ಕೆಲಸ.

ಈ ಎರಡು ಸಂಜೆ ಸಿಗುವವರೆಗೆ ಒಂದು ತಾತ್ಕಾಲಿಕ ತೇಪೆ ಹಾಕಬಹುದು. ಹಳೇ ಕೋರ್ಸಿಗೆ ಗೆಸ್ಟ್ ಪ್ರವೇಶ ಕೊಡಿ, ಪಾಸ್‌ವರ್ಡ್ ಇಡಬೇಡಿ. ಆಗ ಸೇರದ ವಿದ್ಯಾರ್ಥಿಯೂ ಹಳೇ ಪುಟಗಳನ್ನು ಓದಬಹುದು. ಕ್ವಿಜ್ ಬರೆಯಲು ಗೆಸ್ಟಿಗೆ ಆಗುವುದಿಲ್ಲ, ಹಾಗಾಗಿ ಹೋದ ವರ್ಷದ ಅಂಕಗಳಿಗೆ ತೊಂದರೆ ಇಲ್ಲ. ಅಪಾಯ ಬೇರೆ. ಹುಡುಗರು ಹಳೇ ಕೋರ್ಸಿನಲ್ಲಿ ಓದಿದರೆ ಹೊಸ ಕೋರ್ಸಿನಲ್ಲಿ "ಓದಿ ಮುಗಿಸಿದ್ದಾರೆ" ಅನ್ನುವ ಟಿಕ್ ಬೀಳುವುದಿಲ್ಲ. ನೀವು ಹೊಸ ಪುಟದಲ್ಲಿ ಏನಾದರೂ ತಿದ್ದಿದ್ದರೆ ಅವರು ಓದುವುದು ತಿದ್ದದ ಪುಟ. ಒಂದು ವಾರಕ್ಕೆ ಸಾಕು, ಆಮೇಲೆ ಮುಚ್ಚಿಬಿಡಿ.

"ಅಡ್ಮಿನ್‌ಗೆ ಹೇಳಿ ಒಂದೇ ಏಟಿಗೆ ಎಲ್ಲ ಬದಲಿಸಬಹುದಲ್ಲ?" ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಮೂಡಲ್‌ನಲ್ಲಿ ಹುಡುಕಿ ಬದಲಿಸುವ ಸಾಧನ ಇದೆ, ನಿಜ. ಆದರೆ ಅದಕ್ಕೆ ನಿಮ್ಮ ಕೋರ್ಸ್ ಯಾವುದು ಅಂತ ಗೊತ್ತಿಲ್ಲ. ಇಡೀ ಸೈಟಿನ ಡೇಟಾಬೇಸ್‌ನಲ್ಲಿ 318 ಇದ್ದಲ್ಲೆಲ್ಲ 702 ಮಾಡುತ್ತದೆ. ನಿಮ್ಮ ಹಳೇ ಕೋರ್ಸೂ ಕೆಡುತ್ತದೆ. ಕೆಮಿಸ್ಟ್ರಿಯವರ 3180ನೇ ಪುಟ 7020 ಆಗಿಬಿಡುತ್ತದೆ, ಅವರು ನಿಮ್ಮ ಬಾಗಿಲಿಗೆ ಬರುತ್ತಾರೆ. ಇದು ಸೈಟಿನ ವಿಳಾಸವೇ ಬದಲಾದಾಗ ಬಳಸುವ ಸಾಧನ, ಅದೂ ಪೂರ್ತಿ ಬ್ಯಾಕಪ್ ತೆಗೆದ ಮೇಲೆ. ವಿಳಾಸ ಬದಲಾಗುವುದು ಅಪರೂಪವೇನಲ್ಲ. ಎಷ್ಟೋ ಕಾಲೇಜುಗಳಲ್ಲಿ ಮೊದಲು ಲ್ಯಾಬಿನೊಳಗೆ ಮಾತ್ರ ನಡೆಯುವ 192.168 ಎಂದು ಶುರುವಾಗುವ ವಿಳಾಸದಲ್ಲಿ ಮೂಡಲ್ ಹಾಕಿರುತ್ತಾರೆ. ಟೀಚರುಗಳು ಅದೇ ವಿಳಾಸದಲ್ಲಿ ಲಿಂಕ್ ಬರೆದಿರುತ್ತಾರೆ. ಆಮೇಲೆ ಡೊಮೇನ್ ಬರುತ್ತದೆ. ಕ್ಯಾಂಪಸ್ಸಿನಲ್ಲಿ ಲಿಂಕ್ ತೆರೆದರೂ ತೆರೆಯಬಹುದು, ಮನೆಗೆ ಹೋದ ಹುಡುಗನಿಗೆ ಇಲ್ಲ. ನಿಮ್ಮ ಹಾಳೆ ಬರೆಯುವಾಗ ಇಂಥದ್ದು ಕಂಡರೆ ಗುರುತು ಹಾಕಿಕೊಳ್ಳಿ.

ತಿದ್ದುವಾಗ ಇನ್ನೂ ಎರಡು ಬಗೆಯ ಲಿಂಕ್ ಸಿಗಬಹುದು. ವಿಳಾಸದಲ್ಲಿ "ಮಾಡ್‌ಎಡಿಟ್" ಅಂತ ಇದ್ದರೆ, ನೀವು ಪುಟ ತಿದ್ದುತ್ತಿರುವಾಗ ಮೇಲಿನ ವಿಳಾಸ ಕಾಪಿ ಮಾಡಿದ್ದೀರಿ ಅಂತ ಅರ್ಥ. ಅದು ತಿದ್ದುವ ಕೋಣೆ, ವಿದ್ಯಾರ್ಥಿಯನ್ನು ಒಳಗೆ ಬಿಡುವುದಿಲ್ಲ. "ಡ್ರಾಫ್ಟ್‌ಫೈಲ್" ಅಂತ ಇದ್ದರೆ, ಇನ್ನೊಂದು ಎಡಿಟರಿನಿಂದ ಚಿತ್ರವನ್ನೋ ಪಿಡಿಎಫ್ ಅನ್ನೋ ಎತ್ತಿ ಹಾಕಿದ್ದೀರಿ. ಅದು ನಿಮ್ಮೊಬ್ಬರ ತಾತ್ಕಾಲಿಕ ಜಾಗ, ಆ ಫೈಲನ್ನು ಮತ್ತೆ ಅಪ್‌ಲೋಡ್ ಮಾಡಲೇಬೇಕು. ಎರಡೂ ನಿಮಗೆ ತೆರೆಯುತ್ತವೆ, ಅವರಿಗೆ ಇಲ್ಲ. ನೋಡಿದಿರಾ, ಎಲ್ಲ ಕಾಯಿಲೆಗೂ ಲಕ್ಷಣ ಒಂದೇ.

ಈಗ ನಿಮ್ಮ ಕೊನೆಯ ಪ್ರಶ್ನೆ, ಇಷ್ಟೊಂದು ಲಿಂಕ್ ಬೇಕಾ ಅನ್ನುವುದು. ಲಿಂಕ್ ಜಾಸ್ತಿ ಇದ್ದರೆ ಗೂಗಲ್‌ನಲ್ಲಿ ಮೇಲೆ ಬರುತ್ತದೆ ಅನ್ನುವ ಮಾತು ಇಲ್ಲಿ ಲೆಕ್ಕಕ್ಕಿಲ್ಲ. ಲಾಗಿನ್ ಬಾಗಿಲ ಹಿಂದಿರುವುದನ್ನು ಗೂಗಲ್ ನೋಡುವುದೇ ಇಲ್ಲ. ಸೈಟ್ ನಿಧಾನ ಆಗುತ್ತದೆ ಅನ್ನುವುದೂ ಕೈಯಿಂದ ಬರೆದ ಲಿಂಕಿಗೆ ಸುಳ್ಳು. ಹಾಗಾಗಿ ಓದುವವರಿಗೆ ಬೇಕಾ ಬೇಡವಾ ಅಂತಷ್ಟೇ ನೋಡಿ. ನಿಮ್ಮ ನೂರು ಲಿಂಕುಗಳಲ್ಲಿ "ಮುಂದಿನ ಪುಟ", "ಹಿಂದಿನ ಪುಟ", "ಮುಖಪುಟಕ್ಕೆ" ಅನ್ನುವವು ಎಷ್ಟಿವೆ ಎಣಿಸಿ. ನನ್ನ ಅಂದಾಜು, ಅರ್ಧಕ್ಕಿಂತ ಜಾಸ್ತಿ. ಅವನ್ನು ತಿದ್ದಲೇಬೇಡಿ, ಅಳಿಸಿಹಾಕಿ. ಮೂಡಲ್‌ನಲ್ಲಿ ಬುಕ್ ಅನ್ನುವ ಸಲಕರಣೆ ಇದೆ. ಬಾದಾಮಿಯ ಪುಟಗಳನ್ನೆಲ್ಲ ಒಂದು ಬುಕ್ಕಿನ ಅಧ್ಯಾಯಗಳಾಗಿ ಹಾಕಿದರೆ ಪರಿವಿಡಿಯೂ ಬರುತ್ತದೆ, ಹಿಂದೆ ಮುಂದೆ ಹೋಗುವ ಬಾಣಗಳೂ ತಾನಾಗಿ ಬರುತ್ತವೆ. ಐಹೊಳೆಗೊಂದು, ಪಟ್ಟದಕಲ್ಲಿಗೊಂದು. ಪೂರ್ತಿ ಬುಕ್ ಪ್ರಿಂಟ್ ಹಾಕಲೂ ಬರುತ್ತದೆ, ಹಳ್ಳಿಯಿಂದ ಬರುವ ಹುಡುಗರಿಗೆ ಅದೂ ಒಂದು ಉಪಕಾರ. ತೊಂದರೆ ಅಂದರೆ "ಓದಿದೆ" ಅನ್ನುವ ಟಿಕ್ ಇಡೀ ಬುಕ್ಕಿಗೆ ಒಂದೇ, ಪ್ರತಿ ಅಧ್ಯಾಯಕ್ಕೆ ಬೇರೆ ಬೇರೆ ಸಿಗುವುದಿಲ್ಲ. ಇದನ್ನು ಸೆಮಿಸ್ಟರ್ ನಡುವೆ ಮಾಡಬೇಡಿ, ರಜೆಯಲ್ಲಿ ಮಾಡಿ.

ಉಳಿಸಿಕೊಳ್ಳಬೇಕಾದ ಲಿಂಕ್ ಯಾವುದು ಅಂದರೆ, ಓದುತ್ತಾ ಓದುತ್ತಾ ವಿದ್ಯಾರ್ಥಿ ಎಲ್ಲಿ ತಡವರಿಸುತ್ತಾನೋ ಅಲ್ಲಿನದು. ಐಹೊಳೆ ಶಾಸನವನ್ನು ನೀವು "ರವಿಕೀರ್ತಿ ಬರೆದ ಪ್ರಶಸ್ತಿ" ಅನ್ನುತ್ತೀರಿ. ಈಗಿನ ಹುಡುಗನಿಗೆ ಪ್ರಶಸ್ತಿ ಅಂದರೆ ವೇದಿಕೆ ಮೇಲೆ ಶಾಲು ಹೊದಿಸಿ ಕೊಡುವುದು. ರವಿಕೀರ್ತಿಗೆ ಯಾರು ಕೊಟ್ಟರು ಅಂತ ಯೋಚಿಸುತ್ತಾ ಕೂರುತ್ತಾನೆ. ಅರಸನ ಹೊಗಳಿಕೆಯ ಕಾವ್ಯ ಅಂತ ವಿವರಿಸುವ ಒಂದು ಲಿಂಕ್ ಅಲ್ಲಿ ಬೇಕೇ ಬೇಕು. ಶಾಸನದ ಕಾಲ 634 ಅಂತ ಬರೆದಲ್ಲಿ, ಶಕ 556 ಅದು ಹೇಗಾಯಿತು ಅನ್ನುವುದಕ್ಕೊಂದು ಲಿಂಕ್ ಬೇಕು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿಸಿದವಳು ಲೋಕಮಹಾದೇವಿ ಅಂದಲ್ಲಿ, ಅವಳ ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ಪುಟಕ್ಕೆ ಲಿಂಕ್ ಬೇಕು, ಯಾಕೆಂದರೆ ಆ ಗುಡಿ ಎದ್ದದ್ದೇ ಆ ಗೆಲುವಿಗೆ. "ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು" ಅನ್ನುವ ಸಾಲಿಗೆ ಏನೂ ಬೇಡ.

"ಪ್ರಶಸ್ತಿ", "ಶಿಖರ", "ಗರ್ಭಗುಡಿ" ಇಂಥ ಪದಗಳಿಗೆ ಪ್ರತಿ ಪುಟದಲ್ಲೂ ಕೈಯಿಂದ ಲಿಂಕ್ ಬರೆಯುವುದು ದಂಡ. ಗ್ಲಾಸರಿ, ಅಂದರೆ ಪದಕೋಶ ಮಾಡಿ, ಆಟೋ ಲಿಂಕ್ ಚಾಲೂ ಮಾಡಿಸಿದರೆ, ಆ ಪದ ಬಂದಲ್ಲೆಲ್ಲ ಮೂಡಲ್ ತಾನೇ ಲಿಂಕ್ ಕೊಡುತ್ತದೆ. ಪುಟಗಳ ಹೆಸರಿಗೂ ಇಂಥದ್ದೇ ಒಂದು ಫಿಲ್ಟರ್ ಇದೆ. "ಐಹೊಳೆ ಶಾಸನ" ಅಂತ ಎಲ್ಲಾದರೂ ಬರೆದರೆ ಸಾಕು, ಅದೇ ಕೋರ್ಸಿನ ಆ ಪುಟಕ್ಕೆ ಲಿಂಕ್ ಬೀಳುತ್ತದೆ. ಇವು ಪುಟದೊಳಗೆ ಬರೆದಿಟ್ಟ ಲಿಂಕುಗಳಲ್ಲ, ಪುಟ ತೋರಿಸುವಾಗ ಹುಟ್ಟುವವು. ಸಂಖ್ಯೆಯ ರಗಳೆಯೇ ಇಲ್ಲ. ನೀವು ಈ ವರ್ಷ ಮಾಡಿದ ಹಾಗೆ ಕೈಯಿಂದ ಕಾಪಿ ಮಾಡಿದ್ದರೂ ಇವು ಕೆಡುತ್ತಿರಲಿಲ್ಲ.

ಹಾಗಾದರೆ ಎಲ್ಲದಕ್ಕೂ ಇದನ್ನೇ ಬಳಸಬಹುದಲ್ಲ ಅಂದಿರಾ? ಇದನ್ನು ಮಾಡಿದವರು ಕನ್ನಡ ನೋಡಿ ಮಾಡಿದ್ದಲ್ಲ. ನಮ್ಮ ಪದಕ್ಕೆ ವಿಭಕ್ತಿ ಅಂಟಿಕೊಳ್ಳುತ್ತದೆ. "ಗುಡಿ" ಅಂತ ಪದಕೋಶದಲ್ಲಿ ಹಾಕಿ, ಪೂರ್ತಿ ಪದ ಮಾತ್ರ ಅನ್ನುವ ಟಿಕ್ ಇಟ್ಟರೆ, "ಗುಡಿಯಲ್ಲಿ" ಇದ್ದಲ್ಲಿ ಲಿಂಕ್ ಬರುವುದಿಲ್ಲ, "ಗುಡಿಯ" ಇದ್ದಲ್ಲೂ ಬರುವುದಿಲ್ಲ. ಕನ್ನಡ ವಾಕ್ಯದಲ್ಲಿ ಬರಿಯ "ಗುಡಿ" ಎಷ್ಟು ಸಲ ಬರುತ್ತದೆ ಹೇಳಿ? ಸರಿ, ಟಿಕ್ ತೆಗೆದಿರಿ. ಈಗ "ಗುಡಿಸಲು" ಅನ್ನುವುದರ ಮೊದಲರ್ಧಕ್ಕೂ ದೇವಸ್ಥಾನದ ಲಿಂಕ್ ಬೀಳುತ್ತದೆ. "ಅರಸ" ಅಂತ ಹಾಕಿದ್ದರೆ "ಕೆಲಸ ಅರಸಿ ಬಂದ" ಅನ್ನುವಲ್ಲಿ "ಅರಸ"ಕ್ಕೆ ಲಿಂಕ್ ಬಿದ್ದು "ಸಿ"ಯ ಗುಡಿಸು, ಅಂದರೆ ಇ-ಕಾರದ ಚಿಹ್ನೆ, ಹೊರಗೆ ಉಳಿಯುತ್ತದೆ. ಕೆಲವು ಫೋನುಗಳಲ್ಲಿ ಅಕ್ಷರವೇ ಒಡೆದು ಕಾಣಬಹುದು. ನಾನು ಕಂಡುಕೊಂಡ ದಾರಿ ಇದು. ಪೂರ್ತಿ ಪದದ ಟಿಕ್ ಇಟ್ಟೇ ಇರಿ. ಪದಕೋಶದ ಪ್ರತಿ ಪದಕ್ಕೂ ಕೀವರ್ಡ್ ಅನ್ನುವ ಖಾನೆ ಇದೆ. ಅಲ್ಲಿ ಸಾಲಿಗೊಂದರಂತೆ ಪ್ರಶಸ್ತಿಯ, ಪ್ರಶಸ್ತಿಯಲ್ಲಿ, ಪ್ರಶಸ್ತಿಯನ್ನು, ಪ್ರಶಸ್ತಿಗೆ ಅಂತ ಬರೆದುಬಿಡಿ. ನಾಲ್ಕೈದು ರೂಪ ಹಾಕಿದರೆ ಬಹುಪಾಲು ಸಿಗುತ್ತವೆ. ಪುಟದ ಹೆಸರಿನ ಫಿಲ್ಟರಿಗೆ ಇಂಥ ಖಾನೆ ಇಲ್ಲ, ಅಲ್ಲಿ ವಾಕ್ಯವನ್ನೇ ಸ್ವಲ್ಪ ತಿರುಗಿಸಿ. "ಐಹೊಳೆ ಶಾಸನದಲ್ಲಿ ನೋಡಿ" ಬದಲು "ನೋಡಿ: ಐಹೊಳೆ ಶಾಸನ" ಅಂತ ಬರೆದರೆ ಹೆಸರು ಬಿಡಿಯಾಗಿ ನಿಲ್ಲುತ್ತದೆ.

ಪುಟಕ್ಕೆ ಒಂದೇ ಪದದ ಹೆಸರು ಮಾತ್ರ ಇಡಬೇಡಿ. "ಬಾದಾಮಿ" ಅಂತ ಹೆಸರಿಟ್ಟರೆ ಬಾದಾಮಿ ಹಾಲಿಗೂ ಲಿಂಕ್ ಬೀಳುತ್ತದೆ. "ಬಾದಾಮಿಯ ಮೂರನೇ ಗುಹೆ" ಅಂತಿಟ್ಟರೆ ತೊಂದರೆ ಇಲ್ಲ. ಒಂದೇ ಪುಟದಲ್ಲಿ ಒಂದು ಪದ ಹತ್ತು ಸಲ ಬಂದರೆ ಹತ್ತೂ ನೀಲಿಯಾಗಿ ಓದಲು ಕಿರಿಕಿರಿ. ಪುಟಕ್ಕೆ ಒಂದೇ ಸಲ ಸಾಕು ಅಂತ ಅಡ್ಮಿನ್ ಸೆಟ್ ಮಾಡಬಹುದು, ಕೇಳಿ ಮಾಡಿಸಿ. ಕೈಯಿಂದ ಬರೆದ ಲಿಂಕಿಗೆ ಹೇಳಿದ ಮಾತು ಇದಕ್ಕಲ್ಲ. ಫಿಲ್ಟರುಗಳಿಂದ ಸರ್ವರಿಗೆ ಸ್ವಲ್ಪ ಹೊರೆ ಆಗುತ್ತದೆ. ಹಳೇ ಸರ್ವರ್ ಇದ್ದರೆ ಅಡ್ಮಿನ್ ಗೊಣಗಬಹುದು.

ಲಿಂಕಿನ ಪದಗಳ ಬಗ್ಗೆ ಒಂದು ಮಾತು ಹೇಳಲೇಬೇಕು. "ಹೆಚ್ಚಿನ ವಿವರಕ್ಕೆ ಇಲ್ಲಿ ಕ್ಲಿಕ್ ಮಾಡಿ" ಅಂತ ಬರೆದು "ಇಲ್ಲಿ"ಗೆ ಲಿಂಕ್ ಕೊಡುವುದು ನಮ್ಮಲ್ಲಿ ಬಹಳ. ಒಮ್ಮೆ ಕಣ್ಣು ಕಾಣದ ಒಬ್ಬ ವಿದ್ಯಾರ್ಥಿ ಕೋರ್ಸ್ ಓದುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೆ. ಅವನು ಎನ್‌ವಿಡಿಎ ಅನ್ನುವ ಉಚಿತ ಸ್ಕ್ರೀನ್ ರೀಡರ್ ಬಳಸುತ್ತಿದ್ದ. ಕೆ ಕೀಲಿ ಒತ್ತಿದರೆ ಅದು ಒಂದು ಲಿಂಕಿನಿಂದ ಮುಂದಿನ ಲಿಂಕಿಗೆ ಜಿಗಿದು ಓದಿ ಹೇಳುತ್ತದೆ. ಅವನು ಕೆ ಒತ್ತುತ್ತಾ ಹೋದ. ಅದು "ಇಲ್ಲಿ ಲಿಂಕ್, ಇಲ್ಲಿ ಲಿಂಕ್, ಇಲ್ಲಿ ಲಿಂಕ್" ಅನ್ನುತ್ತಾ ಹೋಯಿತು. ಏಳೋ ಎಂಟೋ ಆದ ಮೇಲೆ ಅವನು ನಕ್ಕು ನನ್ನ ಕಡೆ ತಿರುಗಿ, "ಸರ್, ಎಲ್ಲಿ?" ಅಂದ. ಅವತ್ತಿನಿಂದ ನಾನು ಹೋಗುವ ಪುಟದ ಹೆಸರನ್ನೇ ಲಿಂಕ್ ಮಾಡಿ ಅಂತ ಎಲ್ಲರಿಗೂ ಹೇಳುತ್ತೇನೆ. ವೆಬ್‌ಪುಟಗಳನ್ನು ಎಲ್ಲರಿಗೂ ನಿಲುಕುವಂತೆ ಮಾಡಲು ಇರುವ ಡಬ್ಲ್ಯುಸಿಎಜಿ ಸೂಚನೆಗಳಲ್ಲೂ ಇದು ಇದೆ.

ಫೋನಿನಲ್ಲಿ ಓದುವವರೇ ಜಾಸ್ತಿ ಅಲ್ವಾ, ಅದಕ್ಕೆ ಒಳಗಿನ ಲಿಂಕನ್ನು ಹೊಸ ಕಿಟಕಿಯಲ್ಲಿ ತೆರೆಯುವಂತೆ ಮಾಡಬೇಡಿ. ಹತ್ತು ಟ್ಯಾಬ್ ಆಗಿ ಹುಡುಗರು ದಾರಿ ತಪ್ಪುತ್ತಾರೆ. ವಿಳಾಸ ಉದ್ದ ಅಂತ ಚಿಕ್ಕದು ಮಾಡುವ ಸೇವೆಗಳನ್ನೂ ಬಳಸಬೇಡಿ. ಪೂರ್ತಿ ವಿಳಾಸ ಇದ್ದರೆ ಮೂಡಲ್ ಆಪ್ ಅದನ್ನು ತನ್ನೊಳಗೇ ತೆರೆಯುತ್ತದೆ. ಚಿಕ್ಕ ವಿಳಾಸವನ್ನು ಬ್ರೌಸರಿಗೆ ಕಳಿಸುತ್ತದೆ, ಅಲ್ಲಿ ಮತ್ತೆ ಲಾಗಿನ್ ಕೇಳುತ್ತದೆ.

ಮುಂದಿನ ವರ್ಷಕ್ಕೆ ಹೀಗೆ ಮಾಡಿ. ಈ ವರ್ಷ ತಿದ್ದಿ ಮುಗಿದ ಮೇಲೆ, ವಿದ್ಯಾರ್ಥಿಗಳೇ ಇಲ್ಲದ ಒಂದು ಮೂಲ ಕೋರ್ಸ್ ಮಾಡಿಸಿ, ಇದನ್ನು ಪೂರ್ತಿ ಅದಕ್ಕೆ ಇಂಪೋರ್ಟ್ ಮಾಡಿ. ಏನೇ ತಿದ್ದುವುದಿದ್ದರೂ ಇನ್ನು ಅಲ್ಲಿಯೇ ತಿದ್ದಿ. ಪ್ರತಿ ಜೂನ್‌ನಲ್ಲೋ ಜುಲೈನಲ್ಲೋ ಹೊಸ ಖಾಲಿ ಕೋರ್ಸಿಗೆ ಅಲ್ಲಿಂದ ಇಂಪೋರ್ಟ್. ಕಾಲೇಜಿನ ಮೂಡಲ್ 3.9 ಅಥವಾ ಅದಕ್ಕಿಂತ ಹೊಸದಾಗಿದ್ದರೆ ಕೋರ್ಸ್ ಕಾಪಿ ಅನ್ನುವ ಇನ್ನೂ ಸುಲಭದ ದಾರಿ ಇದೆ, ಅದಕ್ಕೆ ಅಡ್ಮಿನ್ ಅನುಮತಿ ಬೇಕಾಗುತ್ತದೆ. ಇಂಪೋರ್ಟ್ ಆದ ದಿನವೇ ಪರೀಕ್ಷಾ ಖಾತೆಯಿಂದ ಲಾಗಿನ್ ಆಗಿ ಹತ್ತು ಲಿಂಕ್ ಒತ್ತಿ ನೋಡಿ.

ಆ ಪರೀಕ್ಷಾ ಖಾತೆಗೆ "ಪರೀಕ್ಷಾ ವಿದ್ಯಾರ್ಥಿ" ಅಂತಲೇ ಹೆಸರಿಡಿ, ಅಂಕಪಟ್ಟಿ ಇಳಿಸಿಕೊಳ್ಳುವಾಗ ಅದನ್ನು ಅಳಿಸಲು ಮರೆಯಬೇಡಿ. ನಾನು ನೋಡಿಕೊಳ್ಳುವ ಒಂದು ಕಡೆ ಅದಕ್ಕೆ ಸುಮ್ನೆ ಬಸವರಾಜ ಅಂತ ಹೆಸರಿಟ್ಟಿದ್ದರು. ವರ್ಷದ ಕೊನೆಗೆ ಆಂತರಿಕ ಅಂಕಗಳ ಪಟ್ಟಿಯಲ್ಲಿ ಬಸವರಾಜನಿಗೆ ಸೊನ್ನೆ ಬಂದು, ಪ್ರಾಂಶುಪಾಲರು ಮೂರು ದಿನ ಅವನ ಪಾಲಕರ ಫೋನ್ ನಂಬರ್ ಹುಡುಕಿಸಿದ್ದರು.